ಎಂಟು ಜಿಬಿ ಹಾಕಿಸಿದರೂ ಆರೇ ಯಾಕೆ? ಲ್ಯಾಪ್‌ಟಾಪ್ ರ‍್ಯಾಮ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕುಮಟೆಯಲ್ಲಿ ನನ್ನದೊಂದು ಸಣ್ಣ ರಿಪೇರಿ ಅಂಗಡಿ. ಘಟ್ಟದ ಮೇಲಿನ ಶಿರಸಿ, ಸಿದ್ದಾಪುರದವರೂ ಬರುತ್ತಾರೆ, ಕೆಳಗಿನ ಅಂಕೋಲೆ, ಹೊನ್ನಾವರದವರೂ ಬರುತ್ತಾರೆ. ಬಂದವರು ಕೇಳುವ ಪ್ರಶ್ನೆ ಮಾತ್ರ ಹೆಚ್ಚುಕಡಿಮೆ ಒಂದೇ: "ದುಡ್ಡು ಕೊಟ್ಟಿದ್ದು ಎಂಟು ಜಿಬಿಗೆ. ತೋರಿಸುವುದು ಆರು. ಉಳಿದ ಎರಡು ಎಲ್ಲಿ ಹೋಯಿತು ಮಾರಾಯಾ?" ಒಬ್ಬ ನಿವೃತ್ತ ಮಾಸ್ತರರು ಇದನ್ನೇ ಬೇರೆ ರೀತಿ ಹೇಳಿದ್ದರು: "ನಮ್ಮ ರಾಮ ಅರ್ಧ ವನವಾಸಕ್ಕೆ ಹೋಗಿದ್ದಾನೆ, ಕರೆತರಬೇಕು."

ಎಲ್ಲರಿಗೂ ಅದನ್ನೇ ಹೇಳಿ ಹೇಳಿ ಸಾಕಾಗಿ ಇಲ್ಲಿ ಬರೆದಿಟ್ಟಿದ್ದೇನೆ. ಮೊದಲೇ ಒಂದು ಮಾತು. ಹೊಸ ರ‍್ಯಾಮ್ (ತೆರೆದ ಕೆಲಸವನ್ನು ಲ್ಯಾಪ್‌ಟಾಪ್ ಆ ಹೊತ್ತಿಗೆ ಇಟ್ಟುಕೊಳ್ಳುವ ಜಾಗ) ಕೊಳ್ಳುವ ಮೊದಲು, ಅಂಗಡಿಯವನ ಮೇಲೆ ಸಿಟ್ಟಾಗುವ ಮೊದಲು, ಎಷ್ಟು ಕಡಿಮೆ ಬಿದ್ದಿದೆ ಎಂದು ನೋಡಿ. ಆ ಸಂಖ್ಯೆಯೇ ಮುಕ್ಕಾಲು ಪಾಲು ಉತ್ತರ ಹೇಳುತ್ತದೆ.

ಎಷ್ಟು ರ‍್ಯಾಮ್ ಇದೆ, ಎಷ್ಟು ಬಳಕೆಗೆ ಸಿಗುತ್ತಿದೆ ಎಂದು ಎಲ್ಲಿ ನೋಡುವುದು?

ವಿಂಡೋಸ್ 10 ಅಥವಾ 11 ಆದರೆ ಸೆಟ್ಟಿಂಗ್ಸ್ ತೆರೆದು ಸಿಸ್ಟಮ್‌ಗೆ ಹೋಗಿ, ಕೊನೆಯಲ್ಲಿರುವ ಅಬೌಟ್ ಒತ್ತಿ. ಅಲ್ಲಿ "ಇನ್‌ಸ್ಟಾಲ್ಡ್ ರ‍್ಯಾಮ್ 8.00 ಜಿಬಿ" ಎಂದಿರುತ್ತದೆ. ಪಕ್ಕದಲ್ಲೇ "7.83 ಜಿಬಿ ಯೂಸೇಬಲ್" ಎಂಬಂಥ ಇನ್ನೊಂದು ಸಂಖ್ಯೆ ಇರುತ್ತದೆ. ಮೊದಲನೆಯದು ಒಳಗೆ ಕೂತಿರುವುದು. ಎರಡನೆಯದು ವಿಂಡೋಸ್ ಕೈಗೆ ಸಿಕ್ಕಿರುವುದು.

ಇನ್ನೂ ಚೆನ್ನಾಗಿ ನೋಡಬೇಕೆಂದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ಬರುತ್ತದೆ. ಅದರಲ್ಲಿ ಪರ್ಫಾರ್ಮೆನ್ಸ್, ಆಮೇಲೆ ಮೆಮೊರಿ. ಕೆಳಗೆ ಬಲಗಡೆ ಸಣ್ಣ ಅಕ್ಷರಗಳಲ್ಲಿ "ಸ್ಲಾಟ್ಸ್ ಯೂಸ್ಡ್" ಮತ್ತು "ಹಾರ್ಡ್‌ವೇರ್ ರಿಸರ್ವ್ಡ್" ಎಂದಿರುತ್ತದೆ. ಈ ಎರಡು ಸಾಲುಗಳ ಫೋಟೋ ಮೊಬೈಲ್‌ನಲ್ಲಿ ತೆಗೆದಿಟ್ಟುಕೊಳ್ಳಿ. ಮುಂದೆಲ್ಲ ಇದೇ ಬೇಕಾಗುತ್ತದೆ.

ಹಾರ್ಡ್‌ವೇರ್ ರಿಸರ್ವ್ಡ್ ಅಂದರೆ ಏನು? ಅದನ್ನು ಕದ್ದವರು ಯಾರು?

ಯಾರೂ ಕದ್ದಿಲ್ಲ. ಪಹಣಿ ನೋಡಿದ್ದೀರಲ್ಲ. ಒಟ್ಟು ಕ್ಷೇತ್ರ ಇಷ್ಟು ಎಕರೆ ಎಂದಿರುತ್ತದೆ. ಅದರಲ್ಲಿ ಖರಾಬು ಇಷ್ಟು ಗುಂಟೆ ಎಂದು ಕಳೆದು, ಉಳಿದದ್ದು ಇಷ್ಟು ಎಂದು ಬರೆದಿರುತ್ತಾರೆ. ಹಳ್ಳಕ್ಕೆ, ದಾರಿಗೆ, ಬಂಡೆಗೆ ಹೋದ ಜಾಗ ಅದು. ಜಮೀನು ನಿಮ್ಮ ಸರ್ವೆ ನಂಬರಿನಲ್ಲೇ ಇದೆ, ಅಡಿಕೆ ಸಸಿ ನೆಡಲು ಮಾತ್ರ ಬರುವುದಿಲ್ಲ.

ರ‍್ಯಾಮಿನ ಖರಾಬೇ ಹಾರ್ಡ್‌ವೇರ್ ರಿಸರ್ವ್ಡ್. ಲ್ಯಾಪ್‌ಟಾಪ್ ಆನ್ ಆಗುವಾಗ, ವಿಂಡೋಸ್ ಏಳುವ ಮೊದಲೇ, ಬಯೋಸ್ (ಬೋರ್ಡಿನಲ್ಲೇ ಇದ್ದು ಲ್ಯಾಪ್‌ಟಾಪನ್ನು ಎಬ್ಬಿಸುವ ಪ್ರೋಗ್ರಾಮ್) ಒಂದಿಷ್ಟು ಜಾಗವನ್ನು ತೆಗೆದಿಡುತ್ತದೆ. ಹೆಚ್ಚಿನ ಪಾಲು ಪರದೆಯ ಮೇಲೆ ಚಿತ್ರ ತೋರಿಸುವ ಗ್ರಾಫಿಕ್ಸ್‌ಗೆ. ಉಳಿದ ಸ್ವಲ್ಪ ಬಯೋಸ್‌ನ ಸ್ವಂತ ಕೆಲಸಕ್ಕೆ. ಈ ಖರಾಬು ಸಹಜವಾದಷ್ಟೇ ಇದೆಯಾ, ಅಥವಾ ಸುಮ್ನೆ ಬೆಳೆದು ಕೂತಿದೆಯಾ ಎಂಬುದಷ್ಟೇ ಪ್ರಶ್ನೆ.

ಎಷ್ಟು ಕಡಿಮೆ ಇದ್ದರೆ ಚಿಂತೆ ಮಾಡಬಾರದು?

8 ಜಿಬಿಯಲ್ಲಿ 7.7ರಿಂದ 7.9 ತೋರಿಸಿದರೆ ಮುಟ್ಟಲು ಹೋಗಬೇಡಿ. ಇಂಟೆಲ್ ಲ್ಯಾಪ್‌ಟಾಪ್‌ಗಳಲ್ಲಿ ಸಾಮಾನ್ಯವಾಗಿ ಹೀಗೇ ಇರುತ್ತದೆ.

8ರಲ್ಲಿ 7.4, 6.9 ಅಥವಾ 5.9 ಇದ್ದರೆ ನಿಮ್ಮದು ಎಎಂಡಿ ಪ್ರೊಸೆಸರ್ ಇರಬಹುದು. ಗ್ರಾಫಿಕ್ಸ್‌ಗೆ ಅರ್ಧ, ಒಂದು ಅಥವಾ ಎರಡು ಜಿಬಿ ತೆಗೆದಿಟ್ಟಿದ್ದಾರೆ ಎಂದರ್ಥ.

ಎಷ್ಟೇ ಹಾಕಿದರೂ ಮೂರು, ಮೂರೂಕಾಲು, ಮೂರೂವರೆಯ ಸುತ್ತ ನಿಂತರೆ ಅದು 32 ಬಿಟ್ ವಿಂಡೋಸ್‌ನ ಮಿತಿ, ಮುಂದೆ ಹೇಳುತ್ತೇನೆ. ಅಥವಾ ಯಾರೋ ವಿಂಡೋಸ್‌ಗೆ ಕಡಿವಾಣ ಹಾಕಿದ್ದಾರೆ.

ಇನ್‌ಸ್ಟಾಲ್ಡ್ ಎಂಬಲ್ಲೇ ಅರ್ಧ ತೋರಿಸಿದರೆ, ಅಂದರೆ 4ರ ಎರಡು ಸ್ಟಿಕ್ (ರ‍್ಯಾಮಿನ ಉದ್ದನೆಯ ಬಿಲ್ಲೆ) ಹಾಕಿದ್ದರೂ ಒಟ್ಟು 4 ಎಂದರೆ, ಒಂದು ಸ್ಟಿಕ್ ಕಣ್ಣಿಗೇ ಬಿದ್ದಿಲ್ಲ. ಇದು ಖರಾಬಲ್ಲ. ಪಹಣಿಯಲ್ಲಿ ಒಂದು ಹಿಸ್ಸೆಯೇ ಬಿಟ್ಟುಹೋದ ಹಾಗೆ.

ಹೊಸ ಲ್ಯಾಪ್‌ಟಾಪ್, ಎಎಂಡಿ ರೈಜನ್, 8ಕ್ಕೆ 5.9 ತೋರಿಸುತ್ತಿದೆ. ಅಂಗಡಿಯವರು ಮೋಸ ಮಾಡಿದರಾ?

ಇಲ್ಲ. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ. ಪ್ರೊಸೆಸರ್ ಒಳಗೇ ಗ್ರಾಫಿಕ್ಸ್ ಕೂತಿದೆ. ಅದಕ್ಕೆ ಸ್ವಂತ ಮೆಮೊರಿ ಇಲ್ಲ, ರ‍್ಯಾಮಿನಿಂದಲೇ ಪಾಲು ಕೊಡಬೇಕು. ಕಂಪನಿಯವರು 2 ಜಿಬಿ ಕೊಟ್ಟು ಕಳಿಸಿದ್ದಾರೆ.

ಕೆಲವು ಬಯೋಸ್‌ಗಳಲ್ಲಿ ಇದನ್ನು ಕಡಿಮೆ ಮಾಡಬಹುದು. ಲ್ಯಾಪ್‌ಟಾಪ್ ಆನ್ ಮಾಡಿದ ಕೂಡಲೇ ಬಯೋಸ್ ಕೀಲಿ ಒತ್ತುತ್ತಿರಿ. ಎಚ್‌ಪಿಗೆ ಸಾಮಾನ್ಯವಾಗಿ ಎಫ್10. ಡೆಲ್, ಏಸರ್, ಆಸುಸ್‌ಗೆ ಎಫ್2. ಲೆನೊವೊ ಥಿಂಕ್‌ಪ್ಯಾಡ್‌ಗೆ ಎಫ್1. ಒಳಗೆ ಅಡ್ವಾನ್ಸ್ಡ್ ಅಥವಾ ಕಾನ್ಫಿಗರೇಶನ್ ಎಂಬಲ್ಲಿ "ಯುಎಂಎ ಫ್ರೇಮ್ ಬಫರ್ ಸೈಜ್" ಅಥವಾ "ವಿಡಿಯೋ ಮೆಮೊರಿ" ಎಂಬ ಸಾಲು ಇದೆಯಾ ನೋಡಿ. ಇದ್ದರೆ 512 ಎಂಬಿ ಮಾಡಿ, ಸೇವ್ ಕೊಟ್ಟು ಹೊರಬನ್ನಿ. 5.9 ಇದ್ದದ್ದು 7.4ರ ಹತ್ತಿರ ಬರುತ್ತದೆ.

ಬಹಳ ಲ್ಯಾಪ್‌ಟಾಪ್‌ಗಳಲ್ಲಿ ಈ ಸಾಲೇ ಇರುವುದಿಲ್ಲ. ಆಗ ಅಂತರ್ಜಾಲದಲ್ಲಿ ಸಿಗುವ ಬದಲಾಯಿಸಿದ ಬಯೋಸ್ ಹಾಕಲು ಹೋಗಬೇಡಿ. ಎರಡು ಜಿಬಿ ಆಸೆಗೆ ಲ್ಯಾಪ್‌ಟಾಪಿನ ಮುಖ್ಯ ಬೋರ್ಡನ್ನೇ ಕಳೆದುಕೊಂಡವರನ್ನು ನೋಡಿದ್ದೇನೆ.

ಕಡಿಮೆ ಮಾಡಬೇಕಾ, ಬೇಡವಾ? ಮನೆಯಲ್ಲಿ ಮಕ್ಕಳು ಗೇಮ್ ಆಡುತ್ತಾರಾದರೆ ಹಾಗೇ ಬಿಡಿ. ಟ್ಯಾಲಿ, ವರ್ಡ್, ಬ್ರೌಸರ್ ಇಷ್ಟೇ ಕೆಲಸವಾದರೆ 512 ಧಾರಾಳವಾಯಿತು. ಗ್ರಾಫಿಕ್ಸ್‌ಗೆ ಮತ್ತೂ ಬೇಕಾದರೆ ಆಗಿಂದಾಗ ರ‍್ಯಾಮಿನಿಂದ ಪಡೆದು, ಕೆಲಸ ಮುಗಿದ ಮೇಲೆ ವಾಪಸ್ ಕೊಡುತ್ತದೆ. ಇನ್ನೊಂದು ಸ್ಲಾಟ್ (ಸ್ಟಿಕ್ ಕೂರುವ ಜಾಗ) ಖಾಲಿ ಇದ್ದರೆ ಈ ತಲೆಬಿಸಿಯೇ ಬೇಡ, ಇನ್ನೊಂದು ಸ್ಟಿಕ್ ಹಾಕಿಸಿ. ಎರಡು ಸ್ಟಿಕ್ ಇದ್ದರೆ ಪ್ರೊಸೆಸರ್ ಎರಡು ದಾರಿಯಲ್ಲಿ ಓದುತ್ತದೆ. ಒಳಗಿನ ಗ್ರಾಫಿಕ್ಸ್‌ಗೆ ಅದರಿಂದ ಆಗುವ ಲಾಭ ಜಾಸ್ತಿ.

ಟಾಸ್ಕ್ ಮ್ಯಾನೇಜರ್‌ನಲ್ಲಿ "ಶೇರ್ಡ್ ಜಿಪಿಯು ಮೆಮೊರಿ 3.9 ಜಿಬಿ" ಎಂದಿದೆ. ಅರ್ಧ ಅದಕ್ಕೇ ಹೋಯಿತಾ?

ಹೋಗಿಲ್ಲ. ಅದು ಬೇಕಾದರೆ ಇಷ್ಟರವರೆಗೆ ತೆಗೆದುಕೊಳ್ಳಬಹುದು ಎಂಬ ಮಿತಿ, ಅಷ್ಟೇ. ಸೊಸೈಟಿಯಲ್ಲಿ ನಿಮಗೆ ಸಾಲದ ಮಿತಿ ಇದೆ ಎಂದ ಮಾತ್ರಕ್ಕೆ ಸಾಲ ಎತ್ತಿದ್ದೀರಿ ಎಂದಾಗುವುದಿಲ್ಲವಲ್ಲ.

ಹಳೆಯ ಲ್ಯಾಪ್‌ಟಾಪ್‌ಗೆ 8 ಜಿಬಿ ಹಾಕಿಸಿದೆ. ಮೂರೂಕಾಲಿಗಿಂತ ಮೇಲೆ ಏಳುವುದೇ ಇಲ್ಲ. ಯಾಕೆ?

ಅಬೌಟ್ ಪುಟದಲ್ಲೇ "ಸಿಸ್ಟಮ್ ಟೈಪ್" ಎಂಬ ಸಾಲು ನೋಡಿ. "32 ಬಿಟ್ ಆಪರೇಟಿಂಗ್ ಸಿಸ್ಟಮ್" ಎಂದಿದ್ದರೆ ಕಾರಣ ಸಿಕ್ಕಿತು.

ರ‍್ಯಾಮಿನ ಪ್ರತಿಯೊಂದು ಬೈಟಿಗೂ ಒಂದು ಮನೆ ನಂಬರ್ ಇರುತ್ತದೆ. 32 ಬಿಟ್‌ನಲ್ಲಿ ಬರೆಯಬಹುದಾದ ನಂಬರ್‌ಗಳು ಒಟ್ಟು 4,29,49,67,296. ಲೆಕ್ಕ ಹಾಕಿದರೆ ಸರಿಯಾಗಿ 4 ಜಿಬಿ. ಐದನೇ ಜಿಬಿಯಲ್ಲಿರುವ ಮನೆಗೆ ಕೊಡಲು ನಂಬರೇ ಇಲ್ಲ. ನಂಬರ್ ಇಲ್ಲದ ಮನೆಗೆ ಅಂಚೆಯಣ್ಣ ಹೋಗುವುದು ಹೇಗೆ?

ಹಾಗಾದರೆ ಪೂರ್ತಿ 4 ಆದರೂ ಸಿಗಬೇಕಲ್ಲ, ಮೂರೂಕಾಲು ಯಾಕೆ? ಗ್ರಾಫಿಕ್ಸ್, ನೆಟ್‌ವರ್ಕ್, ಯುಎಸ್‌ಬಿ ಇವುಗಳಿಗೂ ಅದೇ ನಂಬರ್‌ಗಳಲ್ಲಿ ಪಾಲು ಬೇಕು. 4 ಜಿಬಿಯ ಗಡಿಯ ಕೆಳಗಿನ ನಂಬರ್‌ಗಳನ್ನು ಅವು ಹಿಡಿದುಕೊಳ್ಳುತ್ತವೆ. ಅಲ್ಲಿರಬೇಕಾಗಿದ್ದ ರ‍್ಯಾಮ್ ಬೀದಿಗೆ ಬೀಳುತ್ತದೆ. ಯಾವ ಸಾಧನ ಎಷ್ಟು ಹಿಡಿಯುತ್ತದೆ ಎಂಬುದರ ಮೇಲೆ 3, 3.25 ಅಥವಾ 3.5 ಉಳಿಯುತ್ತದೆ.

ಇದಕ್ಕೆ ಟಿಕ್ ಹಾಕಿ ಸರಿಮಾಡುವ ಸೆಟ್ಟಿಂಗ್ ಇಲ್ಲ. 64 ಬಿಟ್ ವಿಂಡೋಸ್ ಹೊಸದಾಗಿ ಹಾಕಬೇಕು. ಇದ್ದದ್ದರ ಮೇಲೆಯೇ 32ರಿಂದ 64ಕ್ಕೆ ಏರಿಸಲು ಬರುವುದಿಲ್ಲ, ಡ್ರೈವ್ ಒರೆಸಿ ಮೊದಲಿಂದ ಶುರು. ಲೈಸೆನ್ಸ್‌ಗೆ ಮತ್ತೆ ದುಡ್ಡು ಕೊಡಬೇಕಾಗಿಲ್ಲ. ವಿಂಡೋಸ್ 10ರ ಅದೇ ಎಡಿಷನ್ ಹಾಕಿದರೆ 32ರ ಲೈಸೆನ್ಸ್ 64ಕ್ಕೂ ನಡೆಯುತ್ತದೆ. ಪ್ರೊಸೆಸರ್ 64 ಬಿಟ್‌ನದ್ದೇ ಆಗಿರಬೇಕು. ಅದೇ ಸಿಸ್ಟಮ್ ಟೈಪ್ ಸಾಲಿನಲ್ಲಿ "ಎಕ್ಸ್64 ಬೇಸ್ಡ್ ಪ್ರೊಸೆಸರ್" ಎಂದಿದ್ದರೆ ಆಯಿತು.

64 ಬಿಟ್ ಹಾಕಿಸುವ ಮೊದಲು ಏನೇನು ನೋಡಿಕೊಳ್ಳಬೇಕು?

ಫೋಟೋ, ಕಡತಗಳ ನಕಲನ್ನು ಎಲ್ಲರೂ ಇಟ್ಟುಕೊಳ್ಳುತ್ತಾರೆ. ಮರೆಯುವುದು ಬೇರೆ.

ಒಂದು, ಕನ್ನಡ ಫಾಂಟ್‌ಗಳು. ನುಡಿ, ಬರಹದಲ್ಲಿ ಯುನಿಕೋಡ್ ಅಲ್ಲದ ಹಳೆಯ ಫಾಂಟ್‌ನಲ್ಲಿ ಬರೆದ ಕಡತ ಫಾಂಟ್ ಇಲ್ಲದೆ ತೆರೆದರೆ ಬರೀ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತದೆ. ಒಬ್ಬರು ಅಕ್ಕೋರು ಇಪ್ಪತ್ತು ವರ್ಷದ ಪ್ರಶ್ನೆಪತ್ರಿಕೆಗಳು ಹಾಳಾದವು ಎಂದು ಅಳುವುದೊಂದು ಬಾಕಿ. ಫಾಂಟ್ ಹಾಕಿದ ಮೇಲೆ ಎಲ್ಲ ಸರಿಹೋಯಿತು.

ಎರಡು, ಹಳೆಯ ಪ್ರಿಂಟರ್. 64 ಬಿಟ್ ವಿಂಡೋಸ್‌ಗೆ 64 ಬಿಟ್ ಡ್ರೈವರ್ ಬೇಕು. ನಿಮ್ಮ ಮಾಡೆಲ್‌ಗೆ ಅದು ಇದೆಯಾ ಎಂದು ಮೊದಲೇ ಕಂಪನಿಯ ವೆಬ್‌ಸೈಟಿನಲ್ಲಿ ನೋಡಿ.

ಮೂರು, ಡಾಸ್ ಕಾಲದ ಲೆಕ್ಕದ ಪ್ರೋಗ್ರಾಮ್‌ಗಳು. 16 ಬಿಟ್‌ನ ಯಾವ ಪ್ರೋಗ್ರಾಮೂ 64 ಬಿಟ್ ವಿಂಡೋಸ್‌ನಲ್ಲಿ ನೇರವಾಗಿ ಓಡುವುದಿಲ್ಲ. ಅಂಥದ್ದೊಂದರ ಮೇಲೆ ನಿಮ್ಮ ವ್ಯವಹಾರ ನಿಂತಿದ್ದರೆ ಮೂರೂಕಾಲರಲ್ಲೇ ಇರುವುದು ವಾಸಿ.

64 ಬಿಟ್ಟೇ ಇದೆ. ಆದರೂ 4ಕ್ಕೆ ಮೂರೂಕಾಲು!

ಲ್ಯಾಪ್‌ಟಾಪ್ ಎಷ್ಟು ಹಳೆಯದು? 2006-07ರ ಸುಮಾರಿನ ಇಂಟೆಲ್ 945 ಚಿಪ್‌ಸೆಟ್‌ನದ್ದಾದರೆ ಮಿತಿ ಇರುವುದು ಬೋರ್ಡಿನಲ್ಲೇ. ಸಾಧನಗಳು ಹಿಡಿದ ಜಾಗದ ರ‍್ಯಾಮನ್ನು 4 ಜಿಬಿಯ ಗಡಿಯಾಚೆ ಸಾಗಿಸುವ ವ್ಯವಸ್ಥೆ ಅದರಲ್ಲಿಲ್ಲ. ಅದರ ಮೇಲೆ ಇನ್ನೊಂದು ರೂಪಾಯಿ ಹಾಕಬೇಡಿ.

ಅದಕ್ಕಿಂತ ಹೊಸದಾದರೆ ಬಯೋಸ್‌ನಲ್ಲಿ "ಮೆಮೊರಿ ರೀಮ್ಯಾಪ್" ಎಂಬ ಸಾಲು ಇದೆಯಾ ನೋಡಿ, ಇದ್ದರೆ ಎನೇಬಲ್ ಮಾಡಿ. ಇಲ್ಲದಿದ್ದರೆ ಮುಂದಿನ ಪ್ರಶ್ನೆ ನಿಮಗಾಗಿಯೇ.

ಎಂಎಸ್‌ಕಾನ್ಫಿಗ್ ಎಂಬ ವಿಂಡೋಸ್‌ನ ಸೆಟ್ಟಿಂಗ್ ಚೌಕದಲ್ಲಿ ಟಿಕ್ ಹಾಕಿದರೆ ರ‍್ಯಾಮ್ ಜಾಸ್ತಿಯಾಗುತ್ತದಂತೆ, ಹೌದಾ?

ತಪ್ಪು, ತಪ್ಪು, ತಪ್ಪು. ಈ ಒಂದು ಟಿಕ್ಕಿನಿಂದ ನನ್ನ ಅಂಗಡಿಗೆ ಬಂದ ಲ್ಯಾಪ್‌ಟಾಪ್‌ಗಳಿಗೆ ಲೆಕ್ಕವಿಲ್ಲ.

"ಲ್ಯಾಪ್‌ಟಾಪ್ ವೇಗ ಹೆಚ್ಚಿಸಿ" ಎಂಬ ವಿಡಿಯೋ ನೋಡಿ ಹುಡುಗರು ಇದನ್ನು ಮಾಡುತ್ತಾರೆ. ಅಲ್ಲಿ "ಮ್ಯಾಕ್ಸಿಮಮ್ ಮೆಮೊರಿ" ಎಂದಿರುವುದು ಇದ್ದಷ್ಟನ್ನೂ ಬಳಸು ಎಂದಲ್ಲ. ಇದರ ಮೇಲೆ ಹೋಗಬೇಡ ಎಂದು. ಬೇಲಿ ಅದು. ಲ್ಯಾಪ್‌ಟಾಪ್‌ನಲ್ಲಿ 4 ಜಿಬಿ ಇದ್ದಾಗ ಟಿಕ್ ಹಾಕಿ 4096 ಎಂದು ಬಿಟ್ಟಿರುತ್ತಾರೆ. ಎರಡು ವರ್ಷದ ಮೇಲೆ 8 ಮಾಡಿಸಿದರೂ ವಿಂಡೋಸ್ ಹಳೆಯ ಬೇಲಿ ದಾಟುವುದಿಲ್ಲ. ಅದು ನೋಡುವುದು ಮನೆ ನಂಬರನ್ನು. ಆ ನಂಬರ್‌ಗಳಲ್ಲಿ ಸಾಧನಗಳ ಪಾಲೂ ಇರುವುದರಿಂದ ಸಿಗುವುದು ನಾಲ್ಕಕ್ಕಿಂತಲೂ ಕಡಿಮೆ.

ತೆಗೆಯುವುದು ಸುಲಭ. ವಿಂಡೋಸ್ ಕೀಲಿ ಹಿಡಿದು ಆರ್ ಒತ್ತಿ. ಬಂದ ಚೌಕದಲ್ಲಿ ಎಂ, ಎಸ್, ಸಿ, ಓ, ಎನ್, ಎಫ್, ಐ, ಜಿ ಎಂದು ಜಾಗ ಬಿಡದೆ ಬರೆದು ಎಂಟರ್ ಕೊಡಿ. ಬೂಟ್ ಎಂಬ ಹಾಳೆಗೆ ಹೋಗಿ "ಅಡ್ವಾನ್ಸ್ಡ್ ಆಪ್ಶನ್ಸ್" ತೆರೆಯಿರಿ. "ಮ್ಯಾಕ್ಸಿಮಮ್ ಮೆಮೊರಿ"ಯ ಟಿಕ್ ತೆಗೆಯಿರಿ. ಪಕ್ಕದ "ನಂಬರ್ ಆಫ್ ಪ್ರೊಸೆಸರ್ಸ್"ನ ಟಿಕ್ಕನ್ನೂ ತೆಗೆಯಿರಿ. ಅದೂ ಅದೇ ವಿಡಿಯೋದ ಪ್ರಸಾದ. ಓಕೆ ಕೊಟ್ಟು ರೀಸ್ಟಾರ್ಟ್ ಮಾಡಿ. ಶಟ್‌ಡೌನ್ ಮಾಡಿ ಆನ್ ಮಾಡಿದರೆ ಸಾಲದು. ಫಾಸ್ಟ್ ಸ್ಟಾರ್ಟಪ್ ಚಾಲೂ ಇದ್ದರೆ ವಿಂಡೋಸ್ ನಿನ್ನೆಯ ನಿದ್ದೆಯಿಂದ ಎದ್ದು ಬರುತ್ತದೆಯೇ ಹೊರತು ಹೊಸದಾಗಿ ಶುರುವಾಗುವುದಿಲ್ಲ.

ನನ್ನದೂ ಒಂದು ತಪ್ಪು ಹೇಳಿಬಿಡುತ್ತೇನೆ. ಅಂಗಡಿ ಇಟ್ಟ ಹೊಸತರಲ್ಲಿ ಹೊನ್ನಾವರದ ಕಾಲೇಜು ಹುಡುಗನೊಬ್ಬ ಬಂದಿದ್ದ. ರ‍್ಯಾಮ್ ಹಾಳಾಗಿದೆ ಎಂದು ಹೇಳಿ ಹೊಸ ಸ್ಟಿಕ್ ಹಾಕಿದೆ. ಸಂಖ್ಯೆ ಬದಲಾಗಲಿಲ್ಲ. ಸ್ಲಾಟ್ ಹಾಳಾಗಿದೆ ಎಂದೆ. ಅವನ ತಂಗಿ ಮನೆಯಲ್ಲಿ ಕೂತು ಈ ಟಿಕ್ ಹುಡುಕಿದಳು. ಸ್ಟಿಕ್ಕಿನ ದುಡ್ಡು ವಾಪಸ್ ಕೊಟ್ಟೆ. ಅವತ್ತಿನಿಂದ ಸ್ಕ್ರೂ ಬಿಚ್ಚುವ ಮೊದಲು ಎಂಎಸ್‌ಕಾನ್ಫಿಗ್ ನೋಡುತ್ತೇನೆ.

ಎರಡು ಸ್ಟಿಕ್ ಇದೆ, ಒಂದೇ ತೋರಿಸುತ್ತಿದೆ. ಮಳೆಗಾಲದಲ್ಲಿ ಇದು ಜಾಸ್ತಿ ಆಗುತ್ತದಾ?

ನನ್ನ ಅನುಭವದಲ್ಲಿ ಹೌದು. ಆರಿದ್ರಾ ಮಳೆ ಶುರುವಾಯಿತೆಂದರೆ ಇಂಥವು ಸಾಲಾಗಿ ಬರುತ್ತವೆ. ಘಟ್ಟದ ಮೇಲಿನ ಲ್ಯಾಪ್‌ಟಾಪ್ ಥಂಡಿಗೆ ಬೂಸ್ಟು ಹಿಡಿದು ಬರುತ್ತದೆ. ಕೆಳಗಿನದು ಉಪ್ಪು ಗಾಳಿಗೆ ಸ್ಕ್ರೂ ತಲೆಯೆಲ್ಲ ಕೆಂಪಾಗಿ ಬರುತ್ತದೆ. ತದಡಿ ಬಂದರಿನ ಹತ್ತಿರದ ಒಂದು ಲ್ಯಾಪ್‌ಟಾಪ್ ಬಿಚ್ಚಿದಾಗ ಬೋರ್ಡಿನ ಮೇಲೆ ಬಿಳಿಯ ಪದರ ಕಂಡಿತ್ತು, ಉಪ್ಪಿನಕಾಯಿ ಭರಣಿಯ ಬಾಯಿಯ ಹಾಗೆ.

ರ‍್ಯಾಮಿನ ಅಂಚಿನಲ್ಲಿ ಸಾಲಾಗಿ ಕಾಣುವ ಹಳದಿ ಪಟ್ಟಿಗಳ ಮೇಲೆ ಚಿನ್ನದ ಲೇಪ ಇರುತ್ತದೆ. ಚಿನ್ನ ತುಕ್ಕು ಹಿಡಿಯುವುದಿಲ್ಲ. ಆದರೆ ಲೇಪ ಬಹಳ ತೆಳು. ಮೇಲೆ ತೇವ, ಉಪ್ಪು, ಧೂಳು ಸೇರಿ ಪದರ ಕಟ್ಟುತ್ತದೆ. ಒಂದೇ ಒಂದು ಪಟ್ಟಿ ಸರಿಯಾಗಿ ತಾಗದಿದ್ದರೂ ಇಡೀ ಸ್ಟಿಕ್ ಕಾಣದೆ ಹೋಗಬಹುದು. ಹಾಗಾಗಿ ಮೊದಲ ಕೆಲಸ ಹೊಸದು ಕೊಳ್ಳುವುದಲ್ಲ, ತೆಗೆದು ಒರೆಸಿ ಮತ್ತೆ ಕೂರಿಸುವುದು.

ಶಟ್‌ಡೌನ್ ಮಾಡಿ. ಚಾರ್ಜರ್ ಕೀಳಿ. ಬ್ಯಾಟರಿ ಹೊರಗಿನದಾದರೆ ತೆಗೆಯಿರಿ, ಒಳಗಿನದಾದರೆ ಅಡಿಯ ಮುಚ್ಚಳ ಬಿಚ್ಚಿದ ಕೂಡಲೇ ಅದರ ಕನೆಕ್ಟರ್ ಬಿಡಿಸಿ. ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿದು ಉಳಿದ ಕರೆಂಟ್ ಹೋಗಲು ಬಿಡಿ. ಕಬ್ಬಿಣದ ಕಿಟಕಿ ಸರಳೋ, ನಲ್ಲಿಯೋ ಮುಟ್ಟಿ, ಮೈಯಲ್ಲಿರುವ ಸ್ಥಿರ ವಿದ್ಯುತ್ ಇಳಿಯುತ್ತದೆ.

ಸ್ಟಿಕ್ಕಿನ ಎರಡೂ ಬದಿಯ ಕ್ಲಿಪ್ಪುಗಳನ್ನು ಹೊರಗೆ ಸರಿಸಿದರೆ ಅದು ತಾನಾಗಿ ಓರೆಯಾಗಿ ಮೇಲೇಳುತ್ತದೆ. ಅಂಚು ಹಿಡಿದು ಅದೇ ಓರೆಯಲ್ಲಿ ಎಳೆಯಿರಿ. ಹಳದಿ ಪಟ್ಟಿಗೆ ಬೆರಳು ತಾಗಿಸಬೇಡಿ. ಮಕ್ಕಳ ಬಿಳಿ ರಬ್ಬರಿನಿಂದ ಮೆಲ್ಲಗೆ ಉಜ್ಜಿ. ಪೆನ್ನಿನ ಶಾಯಿ ಅಳಿಸುವ ಒರಟು ರಬ್ಬರ್ ಬೇಡ, ಅದು ಲೇಪವನ್ನೇ ಕೆರೆದುಬಿಡುತ್ತದೆ. ಪುಡಿಯನ್ನು ಮೆತ್ತನೆಯ ಬ್ರಶ್‌ನಲ್ಲಿ ತೆಗೆಯಿರಿ. ಐಸೊಪ್ರೊಪೈಲ್ ಆಲ್ಕೋಹಾಲ್ ಸಿಕ್ಕರೆ ಬಟ್ಟೆಗೆ ಹಚ್ಚಿ ಒರೆಸಿ, ಪೂರ್ತಿ ಆರಲು ಬಿಡಿ. ಶೇಕಡಾ 99ರದ್ದು ಒಳ್ಳೆಯದು. ಬಾಯಿಂದ ಊದಬೇಡಿ. ಉಗುಳು ಸಿಡಿಯುತ್ತದೆ, ಅದರಲ್ಲಿ ಕವಳದ ಕೆಂಪು ಬೇರೆ ಇದ್ದರೆ ಕೇಳುವುದೇ ಬೇಡ.

ಕೂರಿಸುವಾಗಲೂ ಓರೆಯಾಗಿಯೇ ತಳ್ಳಿ. ಹಳದಿ ಪಟ್ಟಿ ಬಹುತೇಕ ಕಾಣದಷ್ಟು ಒಳಗೆ ಹೋಗಬೇಕು. ಆಮೇಲೆ ಕೆಳಗೆ ಒತ್ತಿದರೆ ಎರಡೂ ಕ್ಲಿಪ್ "ಟಕ್" ಎನ್ನುತ್ತವೆ. ಒಂದೇ ಟಕ್ ಕೇಳಿಸಿದರೆ ಮತ್ತೆ ತೆಗೆದು ಕೂರಿಸಿ.

ಒರೆಸಿ ಕೂರಿಸಿದರೂ ಒಂದೇ ತೋರಿಸಿದರೆ? ಹಾಳಾಗಿದ್ದು ಸ್ಟಿಕ್ಕಾ, ಸ್ಲಾಟಾ?

ಒಂದೊಂದೇ ಹಾಕಿ ನೋಡಿ. ಮೊದಲ ಸ್ಟಿಕ್ ಮೊದಲ ಸ್ಲಾಟಿನಲ್ಲಿ ಕೆಲಸ ಮಾಡಿತೆನ್ನಿ. ಅದೇ ಸ್ಲಾಟಿಗೆ ಎರಡನೇ ಸ್ಟಿಕ್ ಹಾಕಿ. ಅದೂ ನಡೆದರೆ ಎರಡೂ ಸ್ಟಿಕ್ ಸರಿಯಿವೆ, ತಂಟೆ ಎರಡನೇ ಸ್ಲಾಟಿನದು. ನಡೆಯದಿದ್ದರೆ ಸ್ಟಿಕ್ಕೇ ಹೋಗಿದೆ. ಹತ್ತು ನಿಮಿಷದ ಕೆಲಸ. ಇದನ್ನು ಮಾಡದೆ "ಬೋರ್ಡ್ ಬದಲಾಯಿಸಬೇಕು" ಎನ್ನುವವರ ಮಾತಿಗೆ ತಲೆಯಾಡಿಸಬೇಡಿ.

ಸ್ಟಿಕ್‌ಗಳಿಗೆ ವಾರಂಟಿ ಅವಧಿ ಉದ್ದ ಇರುತ್ತದೆ. ಹತ್ತು ವರ್ಷ, ಲೈಫ್‌ಟೈಮ್ ಎಂದೆಲ್ಲ ಕೊಡುವ ಕಂಪನಿಗಳಿವೆ. ಬಿಲ್ ಹುಡುಕಿ.

ಒಂದೇ ಸೈಜಿನ ರ‍್ಯಾಮ್, ಆದರೂ ನನ್ನ ಲ್ಯಾಪ್‌ಟಾಪ್‌ಗೆ ಆಗುತ್ತಿಲ್ಲ. ಹೇಗೆ ಆರಿಸುವುದು?

ರ‍್ಯಾಮಿನ ತಲೆಮಾರುಗಳಾದ ಡಿಡಿಆರ್3, ಡಿಡಿಆರ್4, ಡಿಡಿಆರ್5 ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ. ಲ್ಯಾಪ್‌ಟಾಪ್ ಸ್ಟಿಕ್ಕಿನಲ್ಲಿ ಕ್ರಮವಾಗಿ 204, 260, 262 ಪಿನ್‌ಗಳು. ಕಚ್ಚಿನ ಜಾಗವೂ ಬೇರೆ. ಒತ್ತಿ ಕೂರಿಸಲು ಹೋಗಿ ಸ್ಲಾಟ್ ಮುರಿಯಬೇಡಿ.

ಮೋಸ ಹೋಗುವುದು ಡಿಡಿಆರ್3ರಲ್ಲಿ. ಅದರಲ್ಲೇ ಎರಡು ಜಾತಿ. ಬರೀ ಡಿಡಿಆರ್3ಗೆ 1.5 ವೋಲ್ಟ್, ಡಿಡಿಆರ್3ಎಲ್‌ಗೆ 1.35 ವೋಲ್ಟ್. ನೋಡಲು ಅವಳಿ ಜವಳಿ, ಎರಡೂ ಸ್ಲಾಟಿಗೆ ಕೂರುತ್ತವೆ. ಆದರೆ 2013ರ ಆಚೆಗಿನ ಬಹಳಷ್ಟು ಲ್ಯಾಪ್‌ಟಾಪ್‌ಗಳು 1.35ರದ್ದನ್ನು ಮಾತ್ರ ಒಪ್ಪುತ್ತವೆ. ಹಳೆಯ ಸ್ಟಿಕ್ ಅಕ್ಕನ ಮನೆಯಿಂದ ತಂದು ಹಾಕುವವರು ಲೇಬಲ್ ಓದಿ. ಎಲ್ ಅಕ್ಷರ ಇದೆಯಾ ನೋಡಿ. ಅಥವಾ "ಪಿಸಿ3ಎಲ್" ಎಂದಿರುತ್ತದೆ.

ಆಮೇಲೆ ಗರಿಷ್ಠ ಮಿತಿ. ಪ್ರತಿ ಲ್ಯಾಪ್‌ಟಾಪ್‌ಗೂ ಇಷ್ಟೇ ಎಂದಿರುತ್ತದೆ. ಸ್ಲಾಟ್ ಖಾಲಿ ಇದೆ ಎಂದು 16ರದ್ದು ತಂದರೆ ಹಳೆಯ ಬೋರ್ಡ್ ಆನೇ ಆಗದಿರಬಹುದು. ಮಾಡೆಲ್ ನಂಬರ್ ಹಾಕಿ ಕಂಪನಿಯ ಮ್ಯಾನ್ಯುವಲ್ ನೋಡಿ, ಹತ್ತು ನಿಮಿಷ ಸಾಕು.

4ರ ಜೊತೆ 8 ಹಾಕಬಹುದಾ ಎಂದು ಕೇಳುತ್ತಾರೆ. ಹಾಕಬಹುದು. ವೇಗ ಎರಡರಲ್ಲಿ ನಿಧಾನದ್ದರದ್ದು.

ವಿಂಡೋಸ್ 7 ಇದೆ, 64 ಬಿಟ್. ಅದಕ್ಕೂ ಮಿತಿ ಇದೆಯಾ?

ಇದೆ. ಹೋಮ್ ಬೇಸಿಕ್‌ಗೆ 8 ಜಿಬಿ, ಹೋಮ್ ಪ್ರೀಮಿಯಂಗೆ 16. ಸಣ್ಣ ನೆಟ್‌ಬುಕ್‌ಗಳಲ್ಲಿ ಬರುತ್ತಿದ್ದ ಸ್ಟಾರ್ಟರ್ 32 ಬಿಟ್‌ನದ್ದು, ಅದಕ್ಕೆ 2 ಜಿಬಿ ಅಷ್ಟೇ. ವಿಂಡೋಸ್ 10 ಹೋಮ್ 64 ಬಿಟ್‌ಗೆ 128 ಜಿಬಿವರೆಗೆ ನಡೆಯುತ್ತದೆ, ಆ ಚಿಂತೆ ನಮಗಿಲ್ಲ. ವಿಂಡೋಸ್ 11 ಬರುವುದೇ 64 ಬಿಟ್‌ನಲ್ಲಿ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹೊಸದಾಗಿ ಹಾಕಿಸುವವರು ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಬಯೋಸ್ ಅಪ್‌ಡೇಟ್ ಮಾಡಿದರೆ ಸರಿಹೋಗುತ್ತದಾ?

ಕೆಲವೊಮ್ಮೆ. ಹೊಸ ಸ್ಟಿಕ್‌ಗಳನ್ನು ಗುರುತಿಸಲು ಕಂಪನಿಗಳು ಬಯೋಸ್ ತಿದ್ದುವುದುಂಟು. ಮೊದಲು ಬಯೋಸ್ ಒಳಗೆ "ಲೋಡ್ ಡಿಫಾಲ್ಟ್ಸ್" ಕೊಟ್ಟು ನೋಡಿ, ಅಷ್ಟಕ್ಕೇ ಸರಿಯಾಗಬಹುದು. ಅಪ್‌ಡೇಟ್ ಮಾಡಲೇಬೇಕಾದರೆ ಚಾರ್ಜರ್ ಚುಚ್ಚಿ, ಬ್ಯಾಟರಿ ತುಂಬಿರಲಿ. ನಡುವೆ ಕರೆಂಟ್ ಹೋಗಿ ಲ್ಯಾಪ್‌ಟಾಪ್ ಆರಿದರೆ ಬೋರ್ಡ್ ಏಳುವುದು ಕಷ್ಟ. ಗಾಳಿಮಳೆಯ ಸಂಜೆ, ತೆಂಗಿನ ಹೆಡೆ ತಂತಿಯ ಮೇಲೆ ತೂಗುತ್ತಿರುವಾಗ ಈ ಕೆಲಸಕ್ಕೆ ಕೂರುವವರಿಗೆ ನಾನೇನು ಹೇಳಲಿ!

ಪೂರ್ತಿ 8 ತೋರಿಸುತ್ತಿದೆ. ಆದರೆ ಏನೂ ತೆರೆಯದೆ ಅರ್ಧ ತುಂಬಿರುತ್ತದೆ. ಇದೂ ದೋಷವಾ?

ಅಲ್ಲ. ಖಾಲಿ ಬಿದ್ದ ರ‍್ಯಾಮಿನಿಂದ ಯಾರಿಗೂ ಲಾಭವಿಲ್ಲ. ನೀವು ಮತ್ತೆ ಮತ್ತೆ ತೆರೆಯುವುದನ್ನು ವಿಂಡೋಸ್ ಅಲ್ಲಿ ಎತ್ತಿಟ್ಟುಕೊಂಡಿರುತ್ತದೆ. ಬೇರೆ ಕೆಲಸಕ್ಕೆ ಬೇಕಾದ ಕೂಡಲೇ ಬಿಟ್ಟುಕೊಡುತ್ತದೆ. "ಕ್ಯಾಶ್ಡ್" ಎಂಬ ಸಂಖ್ಯೆ ದೊಡ್ಡದಿದ್ದರೆ ಅದು ಒಳ್ಳೆಯದೇ. "ರ‍್ಯಾಮ್ ಕ್ಲೀನರ್" ಎಂಬ ಪ್ರೋಗ್ರಾಮ್‌ಗಳು ಇದನ್ನು ಖಾಲಿ ಮಾಡಿ ಶಹಬ್ಬಾಸ್ ಎನಿಸಿಕೊಳ್ಳುತ್ತವೆ. ಆಮೇಲೆ ಎಲ್ಲವನ್ನೂ ಡಿಸ್ಕಿನಿಂದ ಮತ್ತೆ ಎಳೆದು ತರಬೇಕು. ತೆಗೆದುಹಾಕಿ.

ಇನ್ನು, ಒಂದು ಪ್ರೋಗ್ರಾಮ್ ಮಾತ್ರ ಮೆಮೊರಿ ಸಾಲದು ಎನ್ನುತ್ತಿದ್ದರೆ ಅದು 32 ಬಿಟ್‌ನದ್ದಿರಬಹುದು. ಅಂಥದ್ದಕ್ಕೆ ಸಾಮಾನ್ಯವಾಗಿ ಸಿಗುವುದು 2 ಜಿಬಿ, ಹೆಚ್ಚೆಂದರೆ 4. ಲ್ಯಾಪ್‌ಟಾಪ್‌ನಲ್ಲಿ 32 ಇದ್ದರೂ ಅಷ್ಟೇ.

ಉಬುಂಟು ಹಾಕಿದರೆ ಪೂರ್ತಿ ಸಿಗುತ್ತದಾ?

ಗ್ರಾಫಿಕ್ಸ್‌ಗೆ ಬಯೋಸ್ ತೆಗೆದಿಟ್ಟದ್ದು ಅಲ್ಲಿಯೂ ಸಿಗುವುದಿಲ್ಲ. ಖರಾಬು ಯಾರು ಉತ್ತರೂ ಖರಾಬೇ.

ಮ್ಯಾಕ್‌ಬುಕ್‌ಗೆ ರ‍್ಯಾಮ್ ಹೆಚ್ಚಿಸಿ ಕೊಡುತ್ತೀರಾ?

ಎಂ1 ಮತ್ತು ಆಮೇಲಿನವುಗಳಲ್ಲಿ ರ‍್ಯಾಮ್ ಪ್ರೊಸೆಸರ್ ಜೊತೆಗೇ ಕೂತಿದೆ. ಆಗುವುದಿಲ್ಲ. ತೆಳ್ಳಗಿನ ವಿಂಡೋಸ್ ಲ್ಯಾಪ್‌ಟಾಪ್‌ಗಳಲ್ಲೂ ಹಲವಕ್ಕೆ ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ. ಕೊಳ್ಳುವಾಗಲೇ ಕೇಳಿ.

ರ‍್ಯಾಮ್ ಸರಿ ಇದೆಯಾ ಎಂದು ಮನೆಯಲ್ಲೇ ಪರೀಕ್ಷಿಸಬಹುದಾ?

ವಿಂಡೋಸ್‌ನ ಹುಡುಕುವ ಚೌಕದಲ್ಲಿ "ಮೆಮೊರಿ ಡಯಾಗ್ನೋಸ್ಟಿಕ್" ಎಂದು ಇಂಗ್ಲಿಷ್‌ನಲ್ಲಿ ಬರೆದರೆ ಸಿಗುತ್ತದೆ. ರೀಸ್ಟಾರ್ಟ್ ಆಗಿ ತಾನೇ ಪರೀಕ್ಷೆ ಮಾಡುತ್ತದೆ. ಇನ್ನೂ ಕಟ್ಟುನಿಟ್ಟಾಗಿ ಬೇಕಾದರೆ ಮೆಮ್‌ಟೆಸ್ಟ್86 ಅನ್ನು ಪೆನ್‌ಡ್ರೈವ್‌ಗೆ ಹಾಕಿ, ರಾತ್ರಿ ಮಲಗುವಾಗ ಬಿಟ್ಟು ಬೆಳಿಗ್ಗೆ ನೋಡಿ. ಒಂದೇ ಒಂದು ಕೆಂಪು ಸಾಲು ಬಂದರೂ ಬಿಟ್ಟುಬಿಡಬೇಡಿ. ಸ್ಟಿಕ್‌ಗಳನ್ನು ಒಂದೊಂದಾಗಿ ಹಾಕಿ ಮತ್ತೆ ಪರೀಕ್ಷಿಸಿ. ಒಂದೇ ಇದ್ದಾಗಲೂ ಕೆಂಪು ಬಂದ ಸ್ಟಿಕ್ಕನ್ನು ಬದಲಾಯಿಸಿ.

ಮಳೆಗಾಲದಲ್ಲಿ ಲ್ಯಾಪ್‌ಟಾಪನ್ನು ಹೇಗೆ ಇಡಬೇಕು?

ಕಪಾಟಿನಲ್ಲಿ ಬಟ್ಟೆ ಸುತ್ತಿ ಇಡಬೇಡಿ. ದಿನಾ ಅರ್ಧ ಗಂಟೆಯಾದರೂ ಆನ್ ಮಾಡಿ. ಒಳಗಿನ ಬಿಸಿಗೆ ತೇವ ಆರುತ್ತದೆ. ಬಳಸದೇ ಇಡಲೇಬೇಕಾದರೆ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಡಿ. ಸಮುದ್ರದ ಕಡೆಯ ಕಿಟಕಿ ಪಕ್ಕ ಮೇಜು ಹಾಕಿಕೊಂಡವರು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೇಜನ್ನು ಆಚೆ ಗೋಡೆಗೆ ಸರಿಸಿ.

ಅಂಗಡಿಗೆ ತರುವಾಗ ಏನೇನು ತರಬೇಕು?

ಚಾರ್ಜರ್, ಟಾಸ್ಕ್ ಮ್ಯಾನೇಜರ್‌ನ ಆ ಫೋಟೋ, ಸ್ಟಿಕ್ ಕೊಂಡ ಬಿಲ್. ಹಳೆಯ ಸ್ಟಿಕ್ ತೆಗೆದಿಟ್ಟಿದ್ದರೆ ಅದನ್ನೂ ತನ್ನಿ. ಬೈಕಿನಲ್ಲಿ ಬರುವವರು ಲ್ಯಾಪ್‌ಟಾಪನ್ನು ಎರಡು ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಹಾಕಿ, ಎರಡರ ಬಾಯನ್ನೂ ಬೇರೆ ಬೇರೆಯಾಗಿ ಕಟ್ಟಿ. ದೇವಿಮನೆ ಘಟ್ಟದಲ್ಲಿ ಮಳೆ ಮೇಲಿನಿಂದಷ್ಟೇ ಬರುವುದಿಲ್ಲ.